ಡಿಸ್ಕ್ ಹಾಕಿ ಎನ್ನುತ್ತಲೇ ಇದ್ದ ಆಟ

ಮಗ್ಗದ ಬೆಲ್ಟಿಗೂ ಗಾಲಿಗೂ ನಡುವೆ ಅಕ್ಕನ ಬಲಗೈ ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ಮೋಟಾರಿನ ಸ್ವಿಚ್ಚು ನನ್ನ ಪಕ್ಕದಲ್ಲೇ ಇತ್ತು. ಆರಿಸಿದೆ. ಆಮೇಲೆ ಗಾಲಿ ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ.

ಹೆಬ್ಬೆರಳು, ತೋರುಬೆರಳು ಉಳಿದವು. ಆದರೆ ಹೊಲಿಗೆ ಬಿಚ್ಚಿದ ಮೇಲೂ ಮಡಚಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದುದು ಆ ಎರಡು ಬೆರಳುಗಳೇ. ಈಗ ಆಡಿಸದಿದ್ದರೆ ಹಾಗೇ ಸೆಟೆದುಕೊಳ್ಳುತ್ತವೆ ಎಂದ ಡಾಕ್ಟರು, ಹಿಸುಕಲು ರಬ್ಬರ್ ಚೆಂಡು ತರಲು ಹೇಳಿದರು. ನಾನು ತಂದುಕೊಟ್ಟೆ. ಅಕ್ಕ ಅದನ್ನು ಗೂಡಿನಲ್ಲಿಟ್ಟಳು.

"ನಾನೇನ್ ಮಗೂನೇನೋ?"

ಹಾಗೆಂದವಳು ಒಂದು ಆಟವನ್ನು ಮಾತ್ರ ತಾನಾಗಿ ಕೇಳಿದಳು. ಬೆರಳಿನಿಂದ ಕೀಲಿ ಒತ್ತುತ್ತ, ಮೇಲಿನಿಂದ ಬೀಳುವ ಹಣ್ಣುಗಳನ್ನು ಬುಟ್ಟಿಯಲ್ಲಿ ಹಿಡಿಯುವ ಕಂಪ್ಯೂಟರ್ ಆಟ. ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಒಮ್ಮೆ ಬಂದಾಗ ನೋಡಿದ್ದಳು. ಬೆಂಗಳೂರಿನಿಂದ ಅದರ ಅಸಲಿ ಡಿಸ್ಕನ್ನೇ ತರಿಸಿದೆ.

ತೊಂಬತ್ತರ ದಶಕದ ಕೊನೆ ಅದು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ವಿಂಡೋಸ್ ಕೆಟ್ಟಿತ್ತು, ಮತ್ತೆ ಹಾಕಲು ಅದರ ಡಿಸ್ಕ್ ನನ್ನಲ್ಲಿರಲಿಲ್ಲ. ಅದರ ಬದಲಿಗೆ, ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದಿದ್ದ ಲಿನಕ್ಸ್ ಹಾಕಿದ್ದೆ. ಅದರ ಮೇಲೆ ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುವ ತಂತ್ರಾಂಶವೂ ಇತ್ತು. ಆಟ ತೆರೆಯಿತು, ಹಣ್ಣಿನ ಚಿತ್ರ ಬಂತು, ಆಮೇಲೆ ಒಂದು ಚೌಕ: ಡಿಸ್ಕ್ ಹಾಕಿ.

"ಒಳಗೇ ಐತಲ್ಲೋ," ಎಂದಳು ಅಕ್ಕ.

"ಐತೆ. ಅದು ಒಪ್ತಿಲ್ಲ."

ನಕಲು ತಡೆಯಲೆಂದು ಕಂಪನಿಯವರು ಅಸಲಿ ಡಿಸ್ಕಿನಲ್ಲಿ ಒಂದು ಗುರುತು ಇಟ್ಟಿದ್ದರು. ಆಟವು ಆ ಗುರುತನ್ನು ತೋರಿಸೆಂದು ವಿಂಡೋಸನ್ನು ಕೇಳುತ್ತಿತ್ತು. ವಿಂಡೋಸಿನ ಜಾಗದಲ್ಲಿ ನಿಂತಿದ್ದ ತಂತ್ರಾಂಶಕ್ಕೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಸೆಟ್ಟಿಂಗಿನ ಕಡತದಲ್ಲಿ ಡ್ರೈವಿನ ಹೆಸರು ತಿದ್ದಿದೆ, ಬಗೆ ತಿದ್ದಿದೆ, ಡಿಸ್ಕಿನ ಹೆಸರನ್ನು ಅಕ್ಷರ ಬಿಡದೆ ಬರೆದೆ. ಪ್ರತಿ ಸಲವೂ ಅದೇ ಹಣ್ಣು, ಅದೇ ಚೌಕ.

ಕೇಂದ್ರದ ಗೆಳೆಯ ನಕ್ಕ. "ಊರೋರೆಲ್ಲ ಕದ್ದಿದ್ರಲ್ಲಿ ಆಡ್ತಾವ್ರೆ. ನೀನೊಬ್ಬ ಅಸ್ಲಿ ಇಟ್ಕೊಂಡು ಆಡಕ್ಕಾಗ್ತಿಲ್ವಲ್ಲ ಗುರು."

ನನಗೆ ನಗು ಬರಲಿಲ್ಲ. ಬೆರಳುಗಳು ದಿನೇ ದಿನೇ ಬಿಗಿಯುತ್ತಿದ್ದವು.

ಅಕ್ಕನದು ಬೇರೆಯೇ ಹಟ. ಚೌಕ ಬಂದಾಗಲೆಲ್ಲ ಡ್ರೈವಿನ ಗುಂಡಿ ಒತ್ತುವಳು, ಡಿಸ್ಕ್ ತೆಗೆಯುವಳು, ಸೆರಗಿನಲ್ಲಿ ಒರೆಸಿ ಮತ್ತೆ ಇಡುವಳು. ಮಗ್ಗದ ಧೂಳು ಕೂತಿರಬೇಕೆಂದು ಅವಳ ಲೆಕ್ಕ.

"ಅಕ್ಕ, ಧೂಳಲ್ಲ ಅಂತ ಎಷ್ಟ್ ಸಲ ಹೇಳ್ಲಿ?"

"ನೀನ್ ಟೈಪ್ ಮಾಡಿದ್ರಿಂದ ಏನ್ ಕಿಸಿದೆ? ಸುಮ್ನಿರು. ಇನ್ನೊಂದ್ಸಲ ನೋಡೋಣ."

ನಾನು ಮುಖ ತಿರುಗಿಸಿ ಕೂರುತ್ತಿದ್ದೆ. ಆದ್ದರಿಂದ ಅದು ಯಾವ ದಿನ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ಒಂದು ಸಂಜೆ ತಿರುಗಿದಾಗ ಕಂಡಿದ್ದಿಷ್ಟು: ಒರೆಸುವ ಸೆರಗು ಎಡಗೈಯಲ್ಲಿತ್ತು. ಡಿಸ್ಕ್ ಬಲಗೈಯಲ್ಲಿತ್ತು. ಮೊದಲು ಅಂಗೈಗೆ ಒತ್ತಿ ಎತ್ತುತ್ತಿದ್ದವಳು ಈಗ ಅದರ ತೆಳು ಅಂಚನ್ನು ಹೆಬ್ಬೆರಳು, ತೋರುಬೆರಳುಗಳ ತುದಿಯಿಂದ ಹಿಡಿದಿದ್ದಳು. ಬೆರಳು ಮಡಚಿತ್ತು. ಪೂರ್ತಿ ಅಲ್ಲ. ಆದರೆ ಮಡಚಿತ್ತು.

"ಏನೋ ಹಂಗ್ ನೋಡ್ತೀಯ?"

"ಕೈ ನೋಡ್ಕೋ."

ಅವಳು ನೋಡಿಕೊಂಡಳು. ಡಿಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎದ್ದು ಮಗ್ಗದ ಬಳಿ ಹೋದಳು. ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದಳು. ಜಾರಿತು. ಮತ್ತೆ ಹಾಕಿದಳು. ಅದೂ ಜಾರಿತು. ಮುಂದಿನದು ನಿಂತಿತು. ಎಳೆದು ನೋಡಿದಳು.

"ನಿನ್ ಆಟ ಬಂತೇನೋ?"

ಪರದೆಯತ್ತ ನೋಡಿದೆ. ಡಿಸ್ಕ್ ಹಾಕಿ ಎನ್ನುತ್ತಿತ್ತು.

"ಇಲ್ಲ."

"ಬರೋದೂ ಇಲ್ಲ ಬಿಡು. ಮೋಟಾರ್ ಹಾಕು."

ಹಾಕಿದೆ. ಬೆಲ್ಟು ತಿರುಗತೊಡಗಿತು. ಅವಳು ನೇಯುವಷ್ಟು ಹೊತ್ತೂ ನಾನು ಸ್ವಿಚ್ಚಿನ ಮೇಲಿಂದ ಬೆರಳು ತೆಗೆಯಲಿಲ್ಲ.