ಪಿಕಳಾರದ ಫೋಟೋ ತೆಗೆದವರು

ಮೊಮ್ಮಗಳ ಗಂಡನಿಗೆ ಫೋಟೋದ ಹುಚ್ಚು. ಮೊನ್ನೆ ನಮ್ಮ ಬಚ್ಚಲಲ್ಲೇ ಫೋಟೋ ತೊಳೆಯಲು ಕೂತ. ಆ ಔಷಧದ ಹುಳಿ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ನಾನು ಗುಳೇದಗುಡ್ಡದ ಹಿತ್ತಲಲ್ಲಿದ್ದೆ... ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಆಗ ನಾನು ಆ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷ. ಕುಪ್ಪಸದ ಖಣ ನೇಯುವ ಮನೆ. ಮಗ್ಗದ ಮುಂದೆ ಕೂತರೆ ಎದುರಿಗೇ ಹಿತ್ತಲ ಬಾಗಿಲು. ಪಕ್ಕದ ಮನೆಯಲ್ಲಿ ಫೋಟೋ ತೆಗೆಯುವ ಸಾಹೇಬರು. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ಫೋಟೋದ ಗಾಜಿನ ಫಲಕ ತೊಳೆಯುವುದು, ಅದನ್ನು ಕಾಗದಕ್ಕೆ ಇಳಿಸುವುದು, ಎಲ್ಲ ಆಪಾ ಕೈಯ ಕೆಲಸ. ಹೆಸರು ಮಾತ್ರ ಸಾಹೇಬರದು.

ಸಾಹೇಬರು ಜ್ವರ ಬಂದು ತೀರಿಕೊಂಡರು. ಬಾಗಲಕೋಟೆಯಿಂದ ಬಂದ ಆಪಾರ ಮೈದುನ, ಚಿಕ್ಕ ಡಬ್ಬಿ ಕ್ಯಾಮರಾ ಬೇಕಾದರೆ ಇಟ್ಟುಕೊಳ್ಳಿ, ಕಟ್ಟಿಗೆಯ ದೊಡ್ಡ ಕ್ಯಾಮರಾ ನಾನು ಒಯ್ಯುತ್ತೇನೆ, ಹೆಂಗಸರಿಗೆ ಅದು ಯಾಕೆ ಅಂದ. ಆಪಾ ಒಪ್ಪಲಿಲ್ಲ. ಗಂಡಸರ ಮುಂದೆ ಬಾರದ ಹೆಂಗಸರ ಫೋಟೋ ತೆಗೆದು ಬದುಕುತ್ತೇನೆ ಎಂಬುದು ಅವರ ಹಟ.

ನಮ್ಮ ಹಿತ್ತಲ ದಾಳಿಂಬೆ ಗಿಡದಲ್ಲಿ ಪಿಕಳಾರ ಹಕ್ಕಿ ಮೊಟ್ಟೆಗೆ ಕೂತಿತ್ತು. ಎರಡು ಗೋಡೆಗಳ ಸಂದಿ, ಮೇಲೆ ಶ್ರಾವಣದ ಮೋಡ. ನಡು ಹಗಲಲ್ಲೂ ಮಸಕು. ಹಿಂದೆ ಸಾಹೇಬರೇ ಅಲ್ಲಿ ಹಕ್ಕಿಯ ಫೋಟೋ ಹಿಡಿಯಲಾಗದೆ ಕೈಬಿಟ್ಟಿದ್ದರು. ಅದನ್ನು ತೆಗೆದು ತೋರಿಸಿದರೆ ಕ್ಯಾಮರಾ ನನ್ನದು ಎಂದರು ಆಪಾ. ಮೈದುನ ನಕ್ಕು, ಎಂಟು ದಿನ ಬಿಟ್ಟು ಬರುವೆನೆಂದು ಹೋದ. ನಗಲಿ, ಹಲ್ಲು ಅವನವು!

ಡಬ್ಬಿ ಕ್ಯಾಮರಾದಲ್ಲಿ ತೆಗೆದದ್ದು ಬರೀ ಕತ್ತಲೆ. ದೊಡ್ಡದರಲ್ಲಾದರೆ ಮುಚ್ಚಳ ತೆಗೆದು ಬೇಕಾದಷ್ಟು ಹೊತ್ತು ಬೆಳಕು ಬಿಡಬಹುದು. ಆದರೆ ಅದಕ್ಕೆ ಉಳಿದಿದ್ದ ಗಾಜಿನ ಫಲಕ ಮೂರೇ. ಬಡಿತಕ್ಕೆ ನೆಲ ಅದುರುತ್ತದೆ, ಮಗ್ಗ ನಿಲ್ಲಿಸು ಎಂದರು ಆಪಾ. ನಿಲ್ಲಿಸಿದೆ. ಹಕ್ಕಿ ಬುರ್ರನೆ ಹಾರಿಹೋಯಿತು, ಒಂದು ಫಲಕ ಹಾಳು! ಮಗ್ಗದ ಸದ್ದಿನಲ್ಲೇ ಗೂಡು ಕಟ್ಟಿದ್ದಕ್ಕೆ ಸದ್ದು ನಿಂತದ್ದೇ ಭಯ. ನೇಕಾರರ ಮನೆಯವಳು, ನನಗಾದರೂ ಹೊಳೆಯಬಾರದಿತ್ತೇ, ಛೆ. ಎರಡನೆಯ ಸಲ ನೇಯುತ್ತಲೇ ಇದ್ದೆ. ಹಕ್ಕಿ ಕೂತಿತು, ಆದರೆ ನೆಲ ಅದುರಿ ಪಟದಲ್ಲಿ ಅದಕ್ಕೆ ಎರಡೆರಡು ಕೊಕ್ಕು.

ಏಳನೆಯ ದಿನ. ಉಳಿದದ್ದು ಒಂದೇ ಫಲಕ. ಅಲ್ಲಿಯವರೆಗೆ ಗೊಣಗುತ್ತಿದ್ದ ನಮ್ಮತ್ತೆ, ಮನೆಯ ಕೌದಿಗಳನ್ನೆಲ್ಲ ತಂದು ಮಡಚಿ, ನೆಲದ ಅದುರಾಟ ತಾಗದಂತೆ ಕ್ಯಾಮರಾದ ಮೂರೂ ಕಾಲಡಿಗೆ ಹಾಕಿದರು. ಆಪಾ ಕರಿಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ ನನಗೆ ಹೇಳಿದರು:

"ತಂಗಿ, ಏನರ ಆಗ್ಲಿ, ನೀ ಕೈ ನಿಲ್ಲಸಬ್ಯಾಡ. ಇತ್ತ ನೋಡಬ್ಯಾಡ."

ಮುಚ್ಚಳ ತೆಗೆದು, ನನ್ನ ಮಗ್ಗದ ಲಾಳಿ ಹತ್ತು ಸಲ ಅತ್ತಿಂದಿತ್ತ ಓಡುವುದನ್ನು ಎಣಿಸಿ ಮುಚ್ಚಳ ಹಾಕಿದರು.

ಬಂತು ನೋಡಿ! ಜುಟ್ಟು, ಕಣ್ಣು, ಗೂಡಿಗೆ ಸಿಕ್ಕಿಸಿಕೊಂಡ ನಮ್ಮ ಮಗ್ಗದ ಎಳೆಗಳು ಕೂಡ.

ಮರುದಿನ ಮೈದುನ ಬಂದು ಪಟವನ್ನು ತಿರುಗಿಸಿ ಮುರುಗಿಸಿ ನೋಡಿದ. "ಭಾಬಿ, ಇದು ಭಾಯಿ ತಗದದ್ದು. ಯಾವಾಗರ ತಗದು ಇಟ್ಟಿರಬೇಕು" ಅಂದ. ನನಗೆ ಮೈಯೆಲ್ಲ ಉರಿಯಿತು. ಆಪಾ ಮಾತ್ರ ಕ್ಯಾಮರಾದ ಮುಂದೆ ಒಂದು ಮಣೆ ಹಾಕಿದರು.

"ಹಂಗಾರ ಕುಂದ್ರು. ನಿನ್ನ ಪಟಾನೂ ನಿಮ್ಮ ಭಾಯೀನ ಬಂದು ತಗೀಲಿ."

ನಮ್ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕ್ಯಾಮರಾದಲ್ಲಿ ಫಲಕವೇ ಇಲ್ಲವೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕೂತು ಪಟ ಬಂದರೆ ಆಪಾಗೆ ತೆಗೆಯಲು ಬರುತ್ತದೆಂದು ಒಪ್ಪಬೇಕಲ್ಲ, ಅವನು ಕೂರಲಿಲ್ಲ. ಪಟ ಕೈಯಲ್ಲಿ ಹಿಡಿದುಕೊಂಡೇ ಹೋದವನು ಕ್ಯಾಮರಾ ಕೇಳಲು ಮತ್ತೆ ಬರಲಿಲ್ಲ. ಆಪಾ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಇಳಕಲ್ಲಿನವರೆಗೂ ಹೋಗಿ ಪರದೆಯೊಳಗಿನ ಗೋಷಾ ಮನೆಗಳ ಹೆಂಗಸರ ಫೋಟೋ ತೆಗೆದರು. ಇಪ್ಪತ್ತು ವರ್ಷ...

ಅವರು ತೀರಿಕೊಂಡು ಬಹಳ ಕಾಲವಾಯಿತು. ಹೋದ ವರ್ಷ ಬಾಗಲಕೋಟೆಯಲ್ಲಿ ಆ ಮೈದುನನ ಮನೆಗೆ ಹೋಗುವ ಪ್ರಸಂಗ ಬಂತು. ಗೋಡೆಯ ಮೇಲೆ ಅದೇ ಪಿಕಳಾರ, ಕೆಳಗೆ ಸಾಹೇಬರ ಹೆಸರು. ಇದು ತಪ್ಪು ಎಂದು ನಿಂತಲ್ಲೇ ಹೇಳಿದೆ. ಮುದುಕಿಗೆ ಅರಳುಮರಳು ಎಂಬಂತೆ ಅವನ ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡರು. ಹೌದೆನ್ನಲು ನಮ್ಮತ್ತೆ ಇಲ್ಲ, ಮಣೆ ಹಾಕಲು ಆಪಾ ಇಲ್ಲ.

ನಾನಿನ್ನೂ ಇದ್ದೇನೆ. ಅದನ್ನು ತೆಗೆದವರು ಆಪಾ.