ಹ್ಯಾಂಡ್‌ಬ್ರೇಕ್ ಎಳೆದ ಮೇಲೆ

ಇಪ್ಪತ್ತಾರು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ ಹೆಂಗಸು ಆಕೆ. ಹನ್ನೊಂದನೇ ನಂಬರಿನ ಬಸ್ಸು. ಡಿಪೋದಿಂದ ಹೊರಟು ಆಸ್ಪತ್ರೆ, ಮಾರುಕಟ್ಟೆ, ಹಳೇ ಸೇತುವೆ ದಾಟಿ, ಬಟ್ಟೆ ಕಾರ್ಖಾನೆಯ ಗೇಟಿನ ಹತ್ತಿರ ತಿರುಗಿ ಮತ್ತೆ ವಾಪಸ್ಸು. ದಿನಕ್ಕೆ ಎಂಟು ಸಲ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಮಿಕ್ಕವರಿಗೆಲ್ಲ ಆಕೆ ಹನ್ನೊಂದರ ಅಕ್ಕ.

ಅಕ್ಕನದು ಒಂದು ಕಟ್ಟುನಿಟ್ಟು. ಗಾಡಿ ಉರುಳುತ್ತಿರುವಷ್ಟು ಹೊತ್ತು ತುಟಿ ಪಿಟಕ್ಕೆನ್ನುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರಿಗೋ ದಾರಿ ಹೇಳಲು ಒಂದು ಗಳಿಗೆ ಮುಖ ತಿರುಗಿಸಿದ್ದಳು. ಸೈಕಲ್ಲಿನ ಮುದುಕನೊಬ್ಬ ಚಕ್ರದ ಕೆಳಗೆ ಬರುವುದು ಗೇಣಿನಲ್ಲಿ ತಪ್ಪಿತ್ತು. ಅಂದಿನಿಂದ ಬಾಯಿಗೆ ಬೀಗ. ಕಿವಿಗೆ ಮಾತ್ರ ಬೀಗವಿಲ್ಲ. ಬೆನ್ನ ಹಿಂದೆ ನಡೆಯುವ ಗಂಡಹೆಂಡಿರ ಮುನಿಸು, ಅತ್ತೆಯ ಮೇಲಿನ ದೂರು, ಕಾಯಿಲೆಯ ಸಮಾಚಾರ ಎಲ್ಲವೂ ಒಂದಕ್ಷರ ಬಿಡದೆ ಒಳಗೆ ಇಳಿಯುತ್ತಿತ್ತು. ಉತ್ತರ ಹೇಳಬೇಕಾದದ್ದು ಇದ್ದರೆ ಕೊನೇ ಸ್ಟಾಪಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆ.

ಮರುಭೂಮಿಯ ಹುಚ್ಚು ಹತ್ತಿದ್ದೂ ಹೀಗೆ ಕೇಳಿಸಿಕೊಂಡೇ. ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದ ಅಜ್ಜನೊಬ್ಬ ದಿನಾ ಮುಂದಿನ ಸೀಟು ಹಿಡಿಯುತ್ತಿದ್ದ. ಪಕ್ಕದಲ್ಲಿ ಯಾರು ಕೂತರೂ ಅವನ ಮಾತು ಅದೇ. ಕೆಂಪು ಬಂಡೆಗಳು ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು ಬಣ್ಣ. ಮರಳಿನ ನಡುವೆ ಗೆರೆ ಎಳೆದಂಥ ರಸ್ತೆ. ಸಿಗ್ನಲ್ಲಿಲ್ಲ, ಸ್ಟಾಪಿಲ್ಲ, ಮನಸ್ಸು ಬಂದ ಕಡೆ ಗಾಡಿ ನಿಲ್ಲಿಸಿ ನೋಡಬಹುದು.

ಆ ಕೊನೆಯ ಮಾತು ಅಕ್ಕನ ಎದೆಗೆ ನಾಟಿತು. ಮನಸ್ಸು ಬಂದ ಕಡೆ ಆಕೆ ಗಾಡಿ ನಿಲ್ಲಿಸಿದ್ದು ಯಾವತ್ತು? ಪಕ್ಕದ ಕಿಟಕಿಯಿಂದ ಹೊರಗೆ ನೋಡಿದ್ದಾದರೂ ಯಾವತ್ತು?

ಕೂಡಿಟ್ಟ ಎಂಟು ದಿನದ ರಜೆ ಇತ್ತು. ಅಜ್ಜನನ್ನು ಕೊನೇ ಸ್ಟಾಪಿನಲ್ಲಿ ನಿಲ್ಲಿಸಿಕೊಂಡು ಯಾವ ತಿಂಗಳು ತಂಪು, ನಡೆಯುವಾಗ ಎಷ್ಟು ನೀರು ಬೇಕು, ಯಾವ ಏರು ತನ್ನ ಕಾಲಿಗೆ ಆದೀತು ಎಂದೆಲ್ಲ ವಿಚಾರಿಸಿದಳು. ಹಳೇ ಟ್ರಿಪ್ ಶೀಟಿನ ಬೆನ್ನಿಗೆ ಬರೆದಳು: 'ಬೆಳಿಗ್ಗೆ ಒಂದು ನಡಿಗೆ, ಎರಡು ತಾಸು. ಮಧ್ಯಾಹ್ನ ನಿದ್ದೆ. ಸಂಜೆ ಒಂದು ರಸ್ತೆ, ನಿಧಾನ. ಗಾಡಿ ಬೇರೆಯವರು ಓಡಿಸಬೇಕು. ನಾನು ಕಿಟಕಿ ಪಕ್ಕ.' ಕೊನೆಯ ಎರಡು ಮಾತಿಗೆ ಅಡಿಗೆರೆ. ಹೊಸ ಬೂಟು ಕಾಲಿಗೆ ಪಳಗಲಿ ಎಂದು ದಿನಾ ಊಟದ ಬಿಡುವಿನಲ್ಲಿ ಡಿಪೋದ ಹೊರಮೆಟ್ಟಿಲಲ್ಲಿ ನಾಲ್ಕು ಮಹಡಿ ಹತ್ತಿ ಇಳಿಯತೊಡಗಿದಳು. ಮೆಕ್ಯಾನಿಕ್ಕುಗಳು ನಕ್ಕರು. ನಗಲಿ ಬಿಡು ಎಂದುಕೊಂಡಳು.

ಗಂಡ ಗಡಿಯಾರ ರಿಪೇರಿಯವನು, ಮೆತ್ತನೆಯ ಮನುಷ್ಯ. ಆ ಚೀಟಿಯನ್ನು ಮನಸ್ಸು ತಡೆಯದೆ ತನ್ನ ತಂಗಿಗೆ ತೋರಿಸಿಬಿಟ್ಟ. ತಂಗಿ, ಅಂದರೆ ಅಕ್ಕನ ನಾದಿನಿ, ಶಾಲೆಯ ಆಫೀಸಿನಲ್ಲಿ ವೇಳಾಪಟ್ಟಿ ಬರೆಯುವವಳು. ನಾಲ್ಕೇ ದಿನದಲ್ಲಿ ಐದು ಸಾಲಿನ ಚೀಟಿ ಎರಡು ಹಾಳೆಯಾಯಿತು.

ಭಾನುವಾರ ನಾಲ್ವರೂ ಆಸ್ಪತ್ರೆಯಲ್ಲಿದ್ದ ದೊಡ್ಡಮ್ಮನನ್ನು ನೋಡಿಕೊಂಡು ಅಕ್ಕನ ಹಳೇ ಕಾರಿನಲ್ಲಿ ಬರುತ್ತಿದ್ದರು. ಯಥಾಪ್ರಕಾರ ಸ್ಟೇರಿಂಗ್ ಅಕ್ಕನ ಕೈಯಲ್ಲಿ. ಪಕ್ಕದಲ್ಲಿ ಗಂಡ, ಹಿಂದೆ ನಾದಿನಿ ಮತ್ತು ಅವಳ ಯಜಮಾನ. ನಾದಿನಿ ಹಾಳೆ ಬಿಚ್ಚಿ ಪೆನ್ನು ತೆಗೆದಳು.

"ಅತ್ತಿಗೆ, ನಾವೂ ಬರ್ತಿದೀವಿ. ನಮ್ಮ ಅತ್ತೆ ಮಾವನೂ ಬರ್ಲಿ ಅಂತ ದೊಡ್ಡ ವ್ಯಾನು ಹೇಳ್ತಿದೀನಿ. ಡ್ರೈವರ್ ಬೇಡ ಅಂದೆ. ಮನೇಲೇ ಡ್ರೈವರ್ ಇಟ್ಕೊಂಡು ಹೊರಗಿನವರು ಯಾಕೆ, ಅಲ್ವಾ?"

ಮಾರುಕಟ್ಟೆಯ ತಿರುವು. ಅಕ್ಕನ ಕಣ್ಣು ಕೈಗಾಡಿಗಳ ಮೇಲಿತ್ತು.

"ಸರಿ ಅಂತೆ," ಎಂದು ನಾದಿನಿ ಗುರುತು ಹಾಕಿಕೊಂಡಳು. "ಬೆಳಿಗ್ಗೆ ಆರೂ ಹತ್ತಕ್ಕೆ ಹೊರಟ್ರೆ ದಿನಕ್ಕೆ ನಾಲ್ಕೈದು ಜಾಗ. ಒಟ್ಟು ಹದಿನೇಳು. ಒಂದೊಂದು ಕಡೆ ಇಪ್ಪತ್ತು ನಿಮಿಷ. ಆಗ್ಬಹುದಾ ಅತ್ತಿಗೆ?"

ಸೇತುವೆ. ಎದುರಿಗೆ ಲಾರಿ. ಇನ್ನೊಂದು ಗುರುತು.

"ಬೆಟ್ಟ ನಾವು ಹತ್ಕೊಂಡು ಬರೋಣ," ಎಂದ ಅವಳ ಗಂಡ. "ಇವರು ವ್ಯಾನಲ್ಲೇ ಕೂತು ಸಾಮಾನು ನೋಡ್ಕೊಳ್ಳಲಿ. ಕೂತು ಕೂತೇ ಅಭ್ಯಾಸ ಆದ ಕಾಲು, ಪಾಪ."

ಹಿಂದೆ ನಗು. ಅಕ್ಕನ ಕಿವಿಯ ತುದಿ ಕೆಂಪಾಯಿತು. ಆಗ ಗಂಡ, ಎಲ್ಲ ಬಲ್ಲ ಗಂಡ, ಕೈ ಬೀಸಿ ಹೇಳಿದ: "ಬರ್ಕೋ ಬರ್ಕೋ. ಅವಳದೇನೂ ತಕರಾರಿಲ್ಲ."

ಅಕ್ಕನಿಗೆ ಉರಿದುಹೋಯಿತು. ನಾದಿನಿಗೆ ಗೊತ್ತಿಲ್ಲದಿರಬಹುದು, ಆದರೆ ಸೈಕಲ್ಲಿನ ಮುದುಕನ ಕತೆ ಹೇಳಿಕೊಂಡು ಆವತ್ತು ಆಕೆ ಅತ್ತಿದ್ದು ಇವನ ಹೆಗಲ ಮೇಲೇ ಅಲ್ಲವೇ? ಈಗ ಒಂದೊಂದಾಗಿ ನೆನಪಾಗತೊಡಗಿತು. ಬಾಡಿಗೆಗೆ ಈ ಕತ್ತಲೆ ಮನೆಯೇ ಸಾಕು ಎಂದು ತೀರ್ಮಾನವಾದದ್ದು ಎಲ್ಲಿ? ಕಾರಿನಲ್ಲಿ. ಆಕೆಯ ಹೊಲಿಗೆ ಯಂತ್ರ ನಾದಿನಿಯ ಮನೆಗೆ ಹೋಗಲಿ ಎಂದಾದದ್ದು? ಕಾರಿನಲ್ಲಿ. ಇಪ್ಪತ್ತಾರು ವರ್ಷ ಈ ಮನೆಯವರು ಆಕೆಯನ್ನು ಕೇಳಿದ್ದೆಲ್ಲ ಗಾಡಿ ಓಡುವಾಗ. ಒಂದಕ್ಕೂ ಆಕೆ ಹೂಂ ಅಂದಿರಲಿಲ್ಲ.

ಮನೆ ಬಂತು. ಅಕ್ಕ ಕಾರನ್ನು ಗೋಡೆಗೆ ಸರಿಯಾಗಿ ತಂದು ನಿಲ್ಲಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ಕೀಲಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಹಿಂದಕ್ಕೆ ತಿರುಗಿದಳು.

"ಯಾರೂ ಬಾಗಿಲು ತೆಗೀಬೇಡಿ. ಈಗ ಉತ್ತರ ಹೇಳ್ತೀನಿ. ಪೆನ್ನು ತಗೋ."

"ಏನಾಯ್ತು ಅತ್ತಿಗೆ?"

"ಮೊದಲ್ನೇದು, ವ್ಯಾನು. ಬೇಡ. ರಜೆ ಹಾಕಿ ಮತ್ತೆ ಡ್ಯೂಟಿ ಮಾಡೋಕೆ ನನಗೇನು ತಲೆ ಕೆಟ್ಟಿದೆಯಾ? ಎರಡನೇದು, ಹದಿನೇಳು ಜಾಗ. ಇಪ್ಪತ್ತು ನಿಮಿಷ ನಿಂತು ಹೊರಡೋಕೆ ಹನ್ನೊಂದನೇ ನಂಬರ್ ಬಸ್ಸೇ ಸಾಕು, ಮರುಭೂಮಿ ಯಾಕೆ? ಮೂರನೇದು, ಕಾಲು." ನಾದಿನಿಯ ಗಂಡನ ಕಡೆ ನೋಡಿದಳು. "ದಿನಾ ಎಷ್ಟು ಮೆಟ್ಲು ಹತ್ತೀರಪ್ಪಾ ನೀವು?"

ಅವನು ಕೆಮ್ಮಿದ.

"ನಾನು ದಿನಾ ನೂರಾ ನಾಲ್ಕು ಮೆಟ್ಲು ಹತ್ತಿ ಇಳೀತೀನಿ, ಬಿಸಿಲಲ್ಲಿ. ಸಾಮಾನು ನೀವೇ ನೋಡ್ಕೊಳ್ಳಿ."

ನಾದಿನಿಯ ಮುಖ ಸಣ್ಣದಾಯಿತು. "ಆಗಲೇ ಹೇಳ್ಬಾರದಿತ್ತಾ? ನಾನು ಅಷ್ಟು ಸಲ ಕೇಳ್ತಾನೇ ಇದ್ದೆ."

"ಕೇಳಿದ್ದು ನಿಜ. ಉತ್ತರಕ್ಕೆ ಕಾಯ್ಲಿಲ್ಲ ನೀನು. ನಾನು ಆಗ ಬಾಯಿ ತೆಗೆದಿದ್ರೆ ಆ ಲಾರಿ ನಿನ್ನ ಪಟ್ಟಿ ಮೇಲೆ ಗುರುತು ಹಾಕ್ತಿತ್ತು."

"ಹಾಗಾದ್ರೆ ನಾವು ಬರೋದೇ ಬೇಡ ಅನ್ನಿ."

"ಬಾ. ಯಾರು ಬೇಡ ಅಂದ್ರು? ನಿನ್ನ ಹದಿನೇಳು ಜಾಗ ನಿನ್ನ ಗಾಡೀಲಿ ನೋಡ್ಕೊಂಡು ಬಾ. ಹೊತ್ತು ಮುಳುಗೋವಾಗ ಸಿಕ್ಕಿದ್ರೆ ಒಟ್ಟಿಗೆ ಕೂತು ಊಟ ಮಾಡೋಣ."

ನಾದಿನಿ ಹಾಳೆ ಮಡಚಿ, ಬಾಗಿಲು ಬಡಿದು ಇಳಿದಳು. ಅವಳ ಗಂಡ ಸದ್ದಿಲ್ಲದೆ ಹಿಂಬಾಲಿಸಿದ. ಅಕ್ಕನ ಗಂಡನೂ ಬಾಗಿಲಿನ ಹಿಡಿಗೆ ಕೈ ಹಾಕಿದ.

"ನೀವು ಕೂತ್ಕೊಳ್ಳಿ."

ಕೂತ.

ಆಕೆ ಕಾರಿನ ಕೀಲಿಯನ್ನು ಅವನ ತೊಡೆಯ ಮೇಲೆ ಹಾಕಿದಳು. ಅವನಿಗೂ ಲೈಸೆನ್ಸ್ ಇತ್ತು. ಹೆಂಡತಿಯ ಎದುರು ಓಡಿಸಲು ನಾಚಿಕೆಯಾಗಿ ಹತ್ತೊಂಬತ್ತು ವರ್ಷದಿಂದ ಗಡಿಯಾರದ ಪೆಟ್ಟಿಗೆಯಲ್ಲಿ ಮಲಗಿತ್ತು.

"ಚೀಟೀಲಿ ಬೇರೆಯವರು ಅಂತ ಬರೆದಿದ್ದೆ. ಆ ಬೇರೆಯವರು ನೀವೇ."

"ನಾನು ಓಡಿಸೋದು ನಿನಗೆ ಹಿಡಿಸಲ್ವಲ್ಲ."

"ಹಿಡಿಸಲ್ಲ. ಆದ್ರೂ ನೀವೇ."

ಮರುದಿನದಿಂದ ಸಂಜೆ ಹೊತ್ತು ಕಾರ್ಖಾನೆಯ ಹಿಂದಿನ ಖಾಲಿ ಬಯಲಿನಲ್ಲಿ ಅವನ ಅಭ್ಯಾಸ ಶುರುವಾಯಿತು. ಮೊದಲ ದಿನ ಕಾರು ಬಿಕ್ಕಳಿಸಿ ಬಿಕ್ಕಳಿಸಿ ಮುಂದೆ ಹೋಯಿತು. ಅಕ್ಕ ಪಕ್ಕದ ಕಿಟಕಿಗೆ ಮೊಣಕೈ ಊರಿ ಸುಮ್ಮನೆ ಹೊರಗೆ ನೋಡುತ್ತಿದ್ದಳು. ಹಳೇ ಇಟ್ಟಿಗೆ ಗೋಡೆ, ಅದರ ಮೇಲೆ ಬಿಸಿಲು. ಇಷ್ಟು ವರ್ಷ ಇಲ್ಲೇ ಬಸ್ಸು ತಿರುಗಿಸಿದ್ದರೂ ಆ ಗೋಡೆಗೆ ಎರಡು ಬಣ್ಣವಿದೆ ಎಂದು ಗೊತ್ತಿರಲಿಲ್ಲ.

"ಸರಿಯಾಗಿ ಹೋಗ್ತಿದೀನಾ?" ಗಂಡ ಹೆದರುತ್ತ ಕೇಳಿದ.

ರೂಢಿಯಂತೆ ಆಕೆ ಉತ್ತರಿಸಲಿಲ್ಲ. ಒಂದು ಸುತ್ತು ಕಳೆದ ಮೇಲೆ ಹೊಳೆಯಿತು: ಗಾಡಿ ಓಡುತ್ತಿದೆ, ಆದರೆ ಓಡಿಸುತ್ತಿರುವುದು ತಾನಲ್ಲ. ಬಾಯಿಗೆ ಬೀಗ ಯಾಕೆ?

"ಎರಡನೇ ಗೇರಿಗೆ ಬನ್ನಿ," ಎಂದಳು. "ಮತ್ತೆ ಕೇಳಿ. ಮೊನ್ನೆ 'ತಕರಾರಿಲ್ಲ' ಅಂದ್ರಲ್ಲ, ಆ ವಿಷಯ. ಆಮೇಲೆ ಕತ್ತಲೆ ಮನೆ ವಿಷಯ. ಆಮೇಲೆ ನನ್ನ ಹೊಲಿಗೆ ಯಂತ್ರ."

ಅವನು ಬಾಯಿ ತೆರೆದ.

"ದಾರಿ ನೋಡಿ," ಎಂದಳು ಅಕ್ಕ. "ಓಡಿಸೋವಾಗ ಮಾತಾಡ್ಬಾರ್ದು."

ಮರುಭೂಮಿಗೆ ಎರಡು ದಿನದ ದಾರಿಯಿತ್ತು, ಅಷ್ಟೂ ದೂರ ಸ್ಟೇರಿಂಗ್ ಅವನ ಕೈಯಲ್ಲಿ.