ಬೂಟು ಸಮೇತ ಬೀಳುತ್ತಿದ್ದ ಇನ್‌ಸ್ಪೆಕ್ಟರು

ಹಡಗಿನ ಕೆಲಸ ಕಲಿಸುವ ಶಾಲೆಯಲ್ಲಿ ಬಟ್ಟೆ ಒಗೆಯುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಂದು ದಿನ ಅಕ್ಕ ಶಾಲೆಯ ಈಜುಕೊಳದ ಪಕ್ಕ ಟವೆಲ್ ಒಣಹಾಕುತ್ತಿದ್ದಳು. ಇಸ್ತ್ರಿ ಅಂಗಿ, ಬೂಟು ತೊಟ್ಟ ಯಾರೋ ಒಬ್ಬರು ಕೊಳದ ಆಳದ ತುದಿಗೆ ಬಂದವರೇ ದೊಪ್ಪನೆ ಬಿದ್ದುಬಿಟ್ಟರು.

“ಅಯ್ಯೋ, ಬನ್ರೋ ಯಾರಾದ್ರೂ!” ಎಂದು ಅಕ್ಕ ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಇಬ್ಬರು ಹುಡುಗರು ಧುಮುಕಿ ಅವರನ್ನು ಮೇಲಕ್ಕೆಳೆದರು. ಬಿದ್ದವರು ಒಂದಿಷ್ಟು ನೀರು ಕಕ್ಕಿ, “ಪಾಸು” ಎಂದರು.

“ಏನು ಪಾಸು? ತಲೆಗಿಲೆ ಕೆಟ್ಟಿದೆಯಾ?” ಅಕ್ಕ ಟವೆಲಿನಿಂದ ಅವರ ತಲೆ ತಿಕ್ಕುತ್ತಲೇ ಬೈದಳು.

ಪ್ರಿನ್ಸಿಪಾಲರು ಓಡಿ ಬಂದರು. “ಸುಮ್ನಿರಕ್ಕಾ! ಅವರು ಸರ್ಕಾರದ ಇನ್‌ಸ್ಪೆಕ್ಟರು. ಮನಸ್ಸು ಮಾಡಿದ್ರೆ ಶಾಲೆನೇ ಮುಚ್ಚಿಸ್ತಾರೆ.”

“ಇನ್‌ಸ್ಪೆಕ್ಟರು ಅಂದ್ರೆ ನೀರು ಹೆದರುತ್ತಾ?”

ಟವೆಲಿನೊಳಗಿಂದ ಇನ್‌ಸ್ಪೆಕ್ಟರು ಗಹಗಹಿಸಿ ನಕ್ಕರು.

ಅಲ್ಲಿಂದಾಚೆಗೆ ವರ್ಷಕ್ಕೊಮ್ಮೆ, ಹೇಳದೆ ಕೇಳದೆ ಬಂದು ಬೀಳುತ್ತಿದ್ದರು. ನೀರಿಗೆ ಬಿದ್ದವರನ್ನು ಎತ್ತಲು ಬಾರದವರು ಹಡಗು ಹತ್ತಬಾರದು, ಅದನ್ನು ಕಾಗದ ನೋಡಿ ತಿಳಿಯಲಾಗದು ಎಂಬುದು ಅವರ ಹಟ. ಇನ್ನೊಂದು ಊರಿನ ಇಂಥದೇ ಶಾಲೆಯಲ್ಲಿ ಹುಡುಗರೆಲ್ಲ ಬಾಯಿ ಬಿಟ್ಟು ನೋಡುತ್ತ ನಿಂತಾಗ ತೋಟದ ಮಾಲಿ ಕೋಲು ಚಾಚಿ ಎಳೆದಿದ್ದನಂತೆ. ಆ ಶಾಲೆಗೆ ಅಂದೇ ಬೀಗ ಬಿತ್ತು. ಅಕ್ಕ ಮಾತ್ರ ದಪ್ಪನೆಯ ಟವೆಲೊಂದನ್ನು ಅವರಿಗೆಂದೇ ಎತ್ತಿಟ್ಟಿದ್ದಳು.

ನಿವೃತ್ತಿಯ ಹಿಂದಿನ ದಿನವೂ ಬಂದು ಬಿದ್ದರು. ಹುಡುಗರು ಎತ್ತಿದರು, ಶಾಲೆ ಪಾಸಾಯಿತು. ಇನ್‌ಸ್ಪೆಕ್ಟರು ಟವೆಲ್ ಹೊದ್ದು ಅಕ್ಕನ ಪಕ್ಕ ಕೂತು, ಯಾರಿಗೂ ಕೇಳಿಸದಂತೆ ಮೆಲ್ಲಗೆ ಬಾಯಿಬಿಟ್ಟರು.

“ನಾಳೆಯಿಂದ ಪುರುಸೊತ್ತೇ ಪುರುಸೊತ್ತು. ಬೈಬೇಡಿ ಅಕ್ಕಾ, ನನಗೆ ಈಜೋಕೆ ಬರಲ್ಲ. ಈ ಹುಡುಗರು ಕಲಿಸ್ತಾರಾ, ಒಂದು ಮಾತು ಕೇಳಿ ನೋಡ್ತೀರಾ?”